ಗಿಣ್ಣಿನ ಮೇಲೊಂದು ಮನೆ

ಈಚೆಗೆ ಒಂದು ಬೆಳಿಗ್ಗೆ ನಮ್ಮ ಹಾಲಿನವನು ಒಂದು ಚೊಂಬು ಗಿಣ್ಣುಹಾಲು ತಂದುಕೊಟ್ಟ. ಅವನ ಹಸು ಕರು ಹಾಕಿ ಎರಡು ದಿನವಾಗಿತ್ತು. ಬೆಂಗಳೂರಿನಲ್ಲಿ ಈಗ ಗಿಣ್ಣುಹಾಲು ಸಿಕ್ಕಿತೆಂದರೆ ಮನೆಯಲ್ಲಿ ಹಬ್ಬವೇ. ನನ್ನ ಹೆಂಡತಿ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ, ಆರಿದ ಮೇಲೆ ತಟ್ಟೆಗೆ ಬೋರಲು ಹಾಕಿ ಮೇಜಿನ ಮೇಲೆ ತಂದಿಟ್ಟಳು. ತಟ್ಟೆ ಮೇಜಿಗೆ ತಾಗಿದ್ದು ಮೆತ್ತಗೆ. ಆದರೆ ಗಿಣ್ಣು ಮಾತ್ರ ತುಳುಕುತುಳುಕು ಎಂದು ಅಲುಗುತ್ತಲೇ ಇತ್ತು.

ಆರನೇ ತರಗತಿಯ ನನ್ನ ಮೊಮ್ಮಗಳು ಕೈತಟ್ಟಿ ನಕ್ಕಳು. "ತಾತ, ನೋಡು! ತಟ್ಟೆ ಆಗಲೇ ಸುಮ್ಮನಾಯ್ತು, ಗಿಣ್ಣು ಇನ್ನೂ ಕುಣೀತಾ ಇದೆ!"

ನನಗೆ ನಗು ಬರಲಿಲ್ಲ. ಅದಕ್ಕೆ ಕಾರಣವಿತ್ತು.

ಅದರ ಹಿಂದಿನ ಭಾನುವಾರ ಮಗ ನಮ್ಮನ್ನೆಲ್ಲ ಕರೆದುಕೊಂಡು ಹೋಗಿ, ತಾನು ಕೊಳ್ಳಬೇಕೆಂದಿದ್ದ ಫ್ಲಾಟು ತೋರಿಸಿದ್ದ. ಹತ್ತು ಅಂತಸ್ತಿನ ಕಟ್ಟಡ, ಅದರಲ್ಲಿ ಒಂಬತ್ತನೆಯದು ನಮ್ಮದು. ಕಟ್ಟಡ ಇನ್ನೂ ಏಳುತ್ತಿತ್ತು. ಮುಂಗಡವನ್ನೂ ಕೊಟ್ಟಾಗಿತ್ತು. ಗೇಟಿನ ಬಳಿ ಕಾರಿನಿಂದ ಇಳಿದ ಕೂಡಲೇ ನನಗೆ ಜಾಗದ ಗುರುತು ಸಿಕ್ಕಿತು. ನಾನು ಕಾಲೇಜಿಗೆಂದು ಊರಿಂದ ಬಂದ ಹೊಸತರಲ್ಲಿ ಅಲ್ಲೊಂದು ಕೆರೆಯಿತ್ತು. ಏರಿಯ ಮೇಲೆ ಸೈಕಲ್ ತುಳಿದುಕೊಂಡು ಹೋಗುತ್ತಿದ್ದೆವು. ಜೊಂಡಿನ ನಡುವೆ ಎಮ್ಮೆಗಳು ಮೂಗು ಮಾತ್ರ ಹೊರಗಿಟ್ಟು ಮಲಗಿರುತ್ತಿದ್ದವು.

"ಇಲ್ಲಿ ಕೆರೆ ಇತ್ತಲ್ಲೋ" ಎಂದೆ.

"ಬೆಂಗಳೂರಿನಲ್ಲಿ ಎಲ್ಲಿ ಕಾಲಿಟ್ಟರೂ ಅಲ್ಲೊಂದು ಕೆರೆ ಇತ್ತು ಅಂತೀರಪ್ಪ ನೀವು" ಎಂದು ಮಗ ನಕ್ಕ. ನಾನು ಸುಮ್ಮನಾದೆ. ಮಾತು ಮುಂದುವರಿಸಿದ್ದರೆ ಅಹಮದಾಬಾದಿನ ಕಥೆ ಹೇಳಬೇಕಾಗುತ್ತಿತ್ತು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಾನು ಅದನ್ನು ಯಾರೆದುರಿಗೂ ಪೂರ್ತಿ ಹೇಳಿರಲಿಲ್ಲ. ಗಿಣ್ಣು ಅಲುಗಿದ್ದು ನೋಡಿದ ಆ ಸಂಜೆ ಮೊಮ್ಮಗಳಿಗೆ ಹೇಳಿದೆ. ಈಗ ನಿಮಗೂ ಹೇಳುತ್ತೇನೆ.

2001ನೇ ಇಸವಿ. ಬ್ಯಾಂಕಿನ ವರ್ಗಾವಣೆಯಿಂದಾಗಿ ನಾವು ಅಹಮದಾಬಾದಿನಲ್ಲಿದ್ದೆವು. ಮಣಿನಗರದಲ್ಲಿ ಎರಡಂತಸ್ತಿನ ಹಳೆಯ ಮನೆಯೊಂದರಲ್ಲಿ ಬಾಡಿಗೆಗಿದ್ದೆವು. ಸಂಜೆಯಾದರೆ ಮಕ್ಕಳನ್ನು ಕರೆದುಕೊಂಡು ಕಾಂಕರಿಯಾ ಕೆರೆಯ ದಂಡೆಗೆ ಹೋಗುತ್ತಿದ್ದೆವು. ನಮ್ಮ ಓಣಿಯ ಕೊನೆಯಲ್ಲಿ ಒಂದು ಹೊಸ ಕಟ್ಟಡವಿತ್ತು. ಕೆಳಗೆ ಬರೀ ಕಂಬಗಳ ಮೇಲೆ ವಾಹನ ನಿಲ್ಲಿಸುವ ಜಾಗ, ಮೇಲೆ ನಾಲ್ಕು ಅಂತಸ್ತು. ಐದನೇ ತರಗತಿಯಲ್ಲಿದ್ದ ನನ್ನ ಮಗಳ ಜೀವದ ಗೆಳತಿ ಅಲ್ಲಿ ಮೊದಲನೇ ಮಹಡಿಯಲ್ಲಿದ್ದಳು. ಅವಳ ಅಜ್ಜಿಯನ್ನು ಓಣಿಯ ಮಕ್ಕಳೆಲ್ಲ 'ಬಾ' ಎಂದೇ ಕರೆಯುತ್ತಿದ್ದರು. ಗೋಧಿಹಿಟ್ಟು, ತುಪ್ಪ, ಬೆಲ್ಲ ಹಾಕಿ ಮಾಡಿದ ಸುಖಡಿಯನ್ನು ಬಾ ನನ್ನ ಮಗಳ ಕೈಗೆ ಎರಡು ತುಂಡು ಕೊಡುತ್ತಿದ್ದರು, ಒಂದು ತಿನ್ನಲು, ಒಂದು ಮನೆಗೆ ಒಯ್ಯಲು.

ಜನವರಿ 26, ಶುಕ್ರವಾರ. ಗಣರಾಜ್ಯೋತ್ಸವದ ಕವಾಯತು ನೋಡಲು ನಾನು ಮಗಳ ಜೊತೆ ಶಾಲೆಗೆ ಹೋಗಿದ್ದೆ. ಗೆಳತಿಯ ಅಪ್ಪ ಅಮ್ಮನೂ ಬಂದಿದ್ದರು. ಬಾ ಬಂದಿರಲಿಲ್ಲ. ಮಂಡಿನೋವು, ಮೆಟ್ಟಿಲು ಇಳಿಯಲಾಗದು, ಮುಂದಿನ ವರ್ಷ ಬರುತ್ತೇನೆ ಎಂದಿದ್ದರಂತೆ.

ಬೆಳಿಗ್ಗೆ 8 ಗಂಟೆ 46 ನಿಮಿಷಕ್ಕೆ ಕಚ್ಛ್‌ನಲ್ಲಿ, ಭಚಾವು ಊರಿನ ಹತ್ತಿರ, ಭೂಮಿಯೊಳಗೆ ಬಂಡೆ ಸರಿಯಿತು. ಅಲ್ಲಿಂದ ಅಹಮದಾಬಾದು ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಅಲೆ ನಮ್ಮನ್ನು ಮುಟ್ಟಲು ಒಂದು ನಿಮಿಷದಷ್ಟು ಹಿಡಿದಿರಬೇಕು. ನನಗೆ ಮೊದಲು ತಲೆಸುತ್ತು ಬಂತೆಂದೇ ಅನ್ನಿಸಿತು. ಆಮೇಲೆ ನೋಡಿದರೆ ಗಾಳಿಯೇ ಇಲ್ಲದೆ ಧ್ವಜಸ್ತಂಭ ತೂಗಾಡುತ್ತಿತ್ತು. ಮಕ್ಕಳಿಗೆಂದು ಇಟ್ಟಿದ್ದ ಕೊಳಗದ ನೀರು ಅತ್ತ ಇತ್ತ ಚೆಲ್ಲುತ್ತಿತ್ತು. ಒಬ್ಬ ಮೇಷ್ಟ್ರು ಮೈದಾನದ ನಡುವೆ ನಿಂತು, ಯಾರೂ ಕಟ್ಟಡದ ಕಡೆ ಓಡಬೇಡಿ, ಇದ್ದಲ್ಲೇ ಕೂತುಕೊಳ್ಳಿ ಎಂದು ಕೂಗಿದರು. ಮಕ್ಕಳು ಒಬ್ಬರ ಕೈ ಒಬ್ಬರು ಹಿಡಿದು ಕೂತರು. ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ನೆಲ ನಿಲ್ಲಲಿಲ್ಲ.

ಓಡಿ ಓಣಿಗೆ ಬಂದಾಗ ನನ್ನ ಹೆಂಡತಿ, ಮಗ ಬೀದಿಯಲ್ಲಿ ನಿಂತಿದ್ದರು. ನಮ್ಮ ಹಳೆ ಮನೆಯ ಗಾರೆ ಬಿರುಕು ಬಿಟ್ಟಿತ್ತು, ಅಟ್ಟದ ಪಾತ್ರೆ ಉರುಳಿದ್ದವು, ಅಷ್ಟೆ. ಓಣಿಯ ಕೊನೆಯ ಕಟ್ಟಡ ಮಾತ್ರ ಕುಳ್ಳಗೆ ಕಾಣಿಸಿತು. ಕೆಳಗಿನ ಕಂಬಗಳು ಮಡಿಸಿಹೋಗಿ ಮೊದಲನೇ ಮಹಡಿ ನೆಲದ ಮೇಲೆ ಕೂತಿತ್ತು, ಅದರ ಮೇಲೆ ಉಳಿದವು ಕುಸಿದಿದ್ದವು.

ಬಾ ಉಳಿಯಲಿಲ್ಲ.

ಆ ಹುಡುಗಿ ಹನ್ನೊಂದು ದಿನ ನಮ್ಮ ಮನೆಯಲ್ಲಿದ್ದಳು. ಒಂದು ರಾತ್ರಿ ನನ್ನನ್ನು ಕೇಳಿದಳು: "ಕಾಕಾ, ಭೂಕಂಪ ಆಗಿದ್ದು ಕಚ್ಛ್‌ನಲ್ಲಿ ಅಲ್ವಾ? ಬಾ ಇದ್ದದ್ದು ಇಲ್ಲಿ. ಮತ್ತೆ ಹೇಗೆ?"

ಬ್ಯಾಂಕಿನ ಲೆಕ್ಕ ಬಲ್ಲ ನನಗೆ ಆ ಲೆಕ್ಕ ಗೊತ್ತಿರಲಿಲ್ಲ. ತಲೆ ಸವರಿ ಮಲಗು ಕಂದ ಎಂದೆ. ಆ ಭೂಕಂಪದಲ್ಲಿ ಒಟ್ಟು 13,000ಕ್ಕೂ ಹೆಚ್ಚು ಜನ ತೀರಿಕೊಂಡರು. ಅಷ್ಟು ದೂರದ ಅಹಮದಾಬಾದ್ ಒಂದರಲ್ಲೇ 700ಕ್ಕೂ ಹೆಚ್ಚು. ಅವಳ ಪ್ರಶ್ನೆ ನನ್ನ ಜೊತೆ ಬೆಂಗಳೂರಿಗೂ ಬಂತು. ನಿವೃತ್ತಿಯಾದ ಮೇಲೆ ಗ್ರಂಥಾಲಯದಲ್ಲಿ ಕೂತು, ತಿಳಿದವರನ್ನು ಕೇಳಿ, ಅಷ್ಟಿಷ್ಟು ಅರ್ಥ ಮಾಡಿಕೊಂಡೆ. ಅದನ್ನೇ ಆ ಸಂಜೆ ಗಿಣ್ಣಿನ ತಟ್ಟೆ ಎದುರಿಟ್ಟುಕೊಂಡು ಮೊಮ್ಮಗಳಿಗೆ ಹೇಳತೊಡಗಿದೆ.

ಡಬ್ಬಿಯಲ್ಲಿ ಗಟ್ಟಿ ಮೈಸೂರು ಪಾಕು ಇತ್ತು. ಒಂದು ಬಿಲ್ಲೆಯನ್ನು ಗಿಣ್ಣಿನ ಪಕ್ಕದಲ್ಲೇ ಇಟ್ಟೆ. "ಈಗ ತಟ್ಟೆಯ ಅಂಚನ್ನು ಬೆರಳಿನಿಂದ ತಟ್ಟು."

ತಟ್ಟಿದಳು. ಮೈಸೂರು ಪಾಕು ತಟ್ಟೆಯ ಜೊತೆ ಒಂದು ಸಲ ಅದುರಿ ಸುಮ್ಮನಾಯಿತು. ಗಿಣ್ಣು ತೂಗಾಡಿತು.

"ತಟ್ಟಿದ್ದು ಒಂದೇ ಪೆಟ್ಟು, ಅಲ್ಲವೇ? ಮೈಸೂರು ಪಾಕು ಬಂಡೆ ಇದ್ದ ಹಾಗೆ. ಗಿಣ್ಣು, ನೀರು ಕುಡಿದ ಕೆರೆಯ ಕೆಸರುಮಣ್ಣು ಇದ್ದ ಹಾಗೆ."

ಗಟ್ಟಿ ಬಂಡೆಯಲ್ಲಿ ಭೂಕಂಪದ ಅಡ್ಡ ಅಲೆ ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗಿಂತಲೂ ವೇಗವಾಗಿ ಓಡುತ್ತದೆ. ಅದೇ ಅಲೆ ಮೆತ್ತನೆಯ ಮಣ್ಣಿಗೆ ಬಂದರೆ ಸೆಕೆಂಡಿಗೆ ಇನ್ನೂರು ಮೀಟರಿಗೋ ಅದಕ್ಕೂ ಕಡಿಮೆಗೋ ಇಳಿಯುತ್ತದೆ. ತೇರಿನ ದಿನ ರಥಬೀದಿಯಲ್ಲಿ ಹೀಗೆ ಆಗುವುದನ್ನು ನೋಡಿದ್ದೀರಲ್ಲ? ಮುಂದಿನವರು ನಿಧಾನ ಮಾಡಿದರೂ ಹಿಂದಿನವರು ಅದೇ ಬಿರುಸಿನಲ್ಲಿ ಬರುತ್ತಿರುತ್ತಾರೆ. ನಡುವೆ ಸಿಕ್ಕವರಿಗೆ ನೂಕುನುಗ್ಗಲು. ಅಲೆ ತಂದ ಶಕ್ತಿಗೂ ಹಾಗೆಯೇ. ವೇಗ ಕಳೆದುಕೊಂಡ ಅಲೆ ತೂಗಾಟವನ್ನು ಹಿಗ್ಗಿಸಿಕೊಳ್ಳುತ್ತದೆ. ಜೊತೆಗೆ ಕೆಳಗಿನ ಬಂಡೆಗೂ ಮೇಲಿನ ನೆಲಕ್ಕೂ ನಡುವೆ ಸಿಕ್ಕಿಬಿದ್ದು ಮೇಲೆ ಕೆಳಗೆ ಓಡಾಡುತ್ತಲೇ ಇರುತ್ತದೆ. ಅದಕ್ಕೇ ತಟ್ಟೆ ಸುಮ್ಮನಾದ ಮೇಲೂ ಗಿಣ್ಣು ಕುಣಿಯುತ್ತಿತ್ತು.

"ಹಾಗಾದರೆ ಮೆತ್ತನೆ ಮಣ್ಣಿನ ಮೇಲಿರುವ ಮನೆಯೆಲ್ಲ ಬೀಳಬೇಕಲ್ವಾ ತಾತ? ನಿಮ್ಮ ಮನೆ ಯಾಕೆ ಬೀಳಲಿಲ್ಲ? ಅದೂ ಅದೇ ಓಣಿ ತಾನೇ?"

ಇದು ಸರಿಯಾದ ಪ್ರಶ್ನೆ. ಉತ್ತರ ಉಯ್ಯಾಲೆಯಲ್ಲಿದೆ. ಉಯ್ಯಾಲೆಗೆ ಅದರದೇ ಒಂದು ಲಯ. ಆ ಲಯಕ್ಕೆ ಸರಿಯಾಗಿ ತಳ್ಳಿದರೆ ಚಿಕ್ಕ ಮಗುವೂ ದೊಡ್ಡವರನ್ನು ಮುಗಿಲಿಗೆ ತೂಗಬಹುದು. ಲಯ ತಪ್ಪಿ ತಳ್ಳಿದರೆ ಉಯ್ಯಾಲೆ ತಡವರಿಸುತ್ತದೆ. ಕಟ್ಟಡಗಳಿಗೂ ಹೀಗೆ ಒಂದೊಂದು ಲಯವುಂಟು. ಒರಟು ಲೆಕ್ಕದಲ್ಲಿ, ಹತ್ತು ಅಂತಸ್ತಿನ ಕಟ್ಟಡ ಒಂದು ಸಲ ತೂಗಿ ಬರಲು ಒಂದು ಸೆಕೆಂಡು ಬೇಕು. ಎರಡಂತಸ್ತಿನ ಮನೆಗೆ ಅದರ ಐದನೇ ಒಂದು ಭಾಗ ಸಾಕು. ನಿಮ್ಮ ಸ್ಕೇಲನ್ನು ಮೇಜಿನ ಅಂಚಿನಲ್ಲಿ ಒತ್ತಿ ಹಿಡಿದು ಮೀಟಿ ನೋಡಿ. ಹೊರಗೆ ಚಾಚಿದ ಭಾಗ ಉದ್ದವಿದ್ದರೆ ನಿಧಾನ ತೂಗುತ್ತದೆ, ಮೋಟಾಗಿದ್ದರೆ ಝರ್ ಎಂದು ಅದುರುತ್ತದೆ. ಅಹಮದಾಬಾದಿನಲ್ಲೇ 'ಅಲುಗುವ ಮಿನಾರು'ಗಳೆಂದು ಹೆಸರಾದ ಸೀದಿ ಬಶೀರ್ ಮಸೀದಿಯ ಜೋಡಿ ಮಿನಾರುಗಳಿವೆ. ಒಂದನ್ನು ಅಲುಗಿಸಿದರೆ ಸ್ವಲ್ಪ ಹೊತ್ತಿಗೆ ಇನ್ನೊಂದೂ ಅಲುಗುತ್ತಿತ್ತು. ಎರಡರದೂ ಒಂದೇ ಲಯ.

ನೆಲಕ್ಕೂ ಲಯವಿದೆ. ಅಹಮದಾಬಾದಿನ ಕೆಳಗೆ ಸಾಬರಮತಿ ಯುಗಯುಗಗಳಿಂದ ತಂದು ಹರವಿದ ಮರಳು, ಮೆಕ್ಕಲುಮಣ್ಣು ಬಹಳ ದಪ್ಪಗಿದೆ. ದಪ್ಪ ಮಣ್ಣು ನಿಧಾನವಾಗಿ ತೂಗುತ್ತದೆ. ಆ ನಿಧಾನದ ತೂಗಾಟ ಎತ್ತರದ ಕಟ್ಟಡಗಳ ಲಯಕ್ಕೆ ಹೊಂದಿತು, ನಮ್ಮ ಮೋಟು ಮನೆಗೆ ಹೊಂದಲಿಲ್ಲ. ಮೇಲಾಗಿ ಆ ಕಟ್ಟಡದ ಬುಡದಲ್ಲಿ ಗೋಡೆಯಿಲ್ಲದೆ ಬರೀ ತೆಳ್ಳನೆಯ ಕಂಬಗಳಿದ್ದವು. ಆಮೇಲೆ ಅಧ್ಯಯನ ಮಾಡಿದವರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಇದ್ದರು. ಕುಸಿದ ಕಟ್ಟಡಗಳಲ್ಲಿ ಬಹಳಷ್ಟು ಸಾಬರಮತಿ ಹಿಂದೊಮ್ಮೆ ಹರಿದಿದ್ದ ಹಳೆಯ ಜಾಡಿನ ಮೇಲೆ, ಮತ್ತು ಮಣಿನಗರದಲ್ಲಿ ಎರಡು ಕೆರೆಗಳ ನಡುವಿನ ನೆಲದ ಮೇಲೆ ಇದ್ದವೆಂಬುದು ತಿಳಿದುಬಂತು. ನಾವು ಸಂಜೆ ಸಂಜೆ ಗಾಳಿ ಸೇವಿಸಲು ಹೋಗುತ್ತಿದ್ದ ಕಾಂಕರಿಯಾ ಅವುಗಳಲ್ಲಿ ಒಂದು.

ಇದಕ್ಕಿಂತ ದೊಡ್ಡ ಉದಾಹರಣೆ ಮೆಕ್ಸಿಕೋ ದೇಶದ್ದು. ಅಲ್ಲಿನ ರಾಜಧಾನಿ ಮೆಕ್ಸಿಕೋ ನಗರ ಮೊದಲು ಟೆಕ್ಸ್‌ಕೋಕೋ ಎಂಬ ಸರೋವರದ ನಡುವಿನ ದ್ವೀಪದಲ್ಲಿದ್ದ ಅಜ್ಟೆಕ್ ಜನರ ಪಟ್ಟಣ. ಸ್ಪೇನಿನವರು ಬಂದ ಮೇಲೆ ಕಾಲಕ್ರಮದಲ್ಲಿ ಸರೋವರವನ್ನು ಬತ್ತಿಸಲಾಯಿತು, ನಗರ ಅದರ ತಳದ ಜೇಡಿಯ ಮೇಲೆ ಬೆಳೆಯಿತು. 1985ರ ಸೆಪ್ಟೆಂಬರ್ 19ರ ಬೆಳಿಗ್ಗೆ ಶಾಂತಸಾಗರದ ತೀರದಲ್ಲಿ ಭೂಕಂಪವಾಯಿತು. ನಗರಕ್ಕೂ ಅದಕ್ಕೂ 350 ಕಿಲೋಮೀಟರಿನಷ್ಟು ಅಂತರ. ನಗರದ ಅಂಚಿನ ಗಟ್ಟಿ ನೆಲದ ಮೇಲೆ, ವಿಶ್ವವಿದ್ಯಾಲಯದಲ್ಲಿದ್ದ ಯಂತ್ರ ಒಂದಷ್ಟು ಅದುರನ್ನು ದಾಖಲಿಸಿತು. ಅದೇ ನಗರದ ಸರೋವರದ ತಳದಲ್ಲಿದ್ದ ಯಂತ್ರ ದಾಖಲಿಸಿದ್ದು ಅದರ ನಾಲ್ಕೈದು ಪಟ್ಟು. ನೆಲ ಎರಡು ಸೆಕೆಂಡಿಗೊಂದು ಸಲ ತೂಗಿತು. ಆರರಿಂದ ಹದಿನೈದು ಅಂತಸ್ತಿನ ಕಟ್ಟಡಗಳು ಹೆಚ್ಚು ಕುಸಿದವು. ಅವುಗಳ ನಡುವೆಯೇ ಇದ್ದ ಮೋಟು ಮನೆಗಳು ಬಹುಪಾಲು ಉಳಿದವು, 44 ಅಂತಸ್ತಿನ ಲ್ಯಾಟಿನೋಅಮೆರಿಕಾನಾ ಗೋಪುರವೂ ನಿಂತೇ ಇತ್ತು. ಸಾವಿರಾರು ಜನ ಸತ್ತರು.

ಕಥೆ ಕೇಳಿ ಮೊಮ್ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಕೇಳಿದಳು. "ನಮ್ಮ ಹೊಸ ಮನೆ ಗಿಣ್ಣಿನ ಮೇಲೆ ಇದೆಯಾ ತಾತ?"

ಇಲ್ಲ ಎಂದು ಹೇಳಿ ಮಲಗಿಸಬಹುದಿತ್ತು. ಒಂದು ಸಲ ಹಾಗೆ ಮಾಡಿದ್ದು ಸಾಕಾಗಿತ್ತು. "ಗೊತ್ತಿಲ್ಲ ಪುಟ್ಟಿ. ನಾಳೆ ಹೋಗಿ ಕೇಳೋಣ" ಎಂದೆ.

ರಾತ್ರಿ ಮಗನಿಗೂ ಹೇಳಿದೆ. ಆಗ ಅವನು ಒಂಬತ್ತನೇ ತರಗತಿ, ಅವಶೇಷದ ಇಟ್ಟಿಗೆ ಎತ್ತಲು ದೊಡ್ಡವರ ಸಾಲಿನಲ್ಲಿ ನಿಂತಿದ್ದವನು. "ಅಪ್ಪ, ನಾನು ಅದನ್ನು ಮರೆತಿಲ್ಲ. ಬೆಂಗಳೂರಿಗೆ ಅದನ್ನು ತಾಳೆ ಹಾಕಿ ನೋಡಿರಲಿಲ್ಲ, ಅಷ್ಟೆ" ಎಂದ.

ಬೆಂಗಳೂರಿನಲ್ಲಿ ಭೂಕಂಪದ ಭಯ ಕಚ್ಛ್ ಅಥವಾ ಹಿಮಾಲಯದ ತಪ್ಪಲಿಗಿಂತ ಬಹಳ ಕಡಿಮೆ. ಮಕ್ಕಳು ಹೆದರಬೇಕಾಗಿಲ್ಲ. ಆದರೆ ದಕ್ಷಿಣದ ನೆಲ ಅಲುಗುವುದೇ ಇಲ್ಲವೆಂದು ತಿಳಿಯಬಾರದು. ಬೀದರ್, ಕಲಬುರಗಿ ಕಡೆಯ ಅಜ್ಜ ಅಜ್ಜಿಯರಿಗೆ ಗಡಿಯಾಚೆಯ ಕಿಲ್ಲಾರಿ ನೆಲಸಮವಾದ 1993ರ ಸೆಪ್ಟೆಂಬರ್ 30ರ ನಸುಕು ನೆನಪಿದ್ದೀತು. ಇನ್ನು ಬೆಂಗಳೂರಿನ ನೆಲ ಎಲ್ಲ ಕಡೆ ಒಂದೇ ಥರ ಇಲ್ಲ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಅದು ಅಪ್ಪಟ ಮೈಸೂರು ಪಾಕು. ಆದರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯವರು ನಗರದ ಹಲವೆಡೆ ನೆಲಕ್ಕೆ ದೊಡ್ಡ ಸುತ್ತಿಗೆಯಿಂದ ಬಡಿದು, ಅಲೆಯ ವೇಗ ಅಳೆದು, ಕೊಳವೆ ಕೊರೆದ ಮಣ್ಣಿನ ವಿವರ ಕೂಡಿಸಿ ನೋಡಿದ್ದಾರೆ. ಮುಚ್ಚಿದ ಕೆರೆಗಳ ಮಣ್ಣು ಅದುರನ್ನು ಹೆಚ್ಚಿಸುತ್ತದೆ ಎಂದೇ ಅವರ ಲೆಕ್ಕವೂ ಹೇಳಿತು.

ಮರುದಿನ ನಾನು, ಮೊಮ್ಮಗಳು ಕಟ್ಟಡದವರ ಕಚೇರಿಗೆ ಹೋದೆವು. ಮಾರಾಟದ ಮೇಜಿನಲ್ಲಿದ್ದಾತ "ಬೆಂಗಳೂರಿಗೆ ಎಲ್ಲಿಯ ಭೂಕಂಪ ಸರ್, ಜ್ಯೂಸ್ ತಗೊಳ್ಳಿ" ಎಂದ. ಜ್ಯೂಸ್ ಕುಡಿದು ಮತ್ತೆ ಅದನ್ನೇ ಕೇಳಿದೆವು. ಮಣ್ಣು ಪರೀಕ್ಷೆಯ ವರದಿ ತೋರಿಸಿ ಎಂದೆವು. ಮೂರನೇ ಸಲ ಹೋದಾಗ ಒಬ್ಬ ಎಂಜಿನಿಯರ್ ಹುಡುಗಿ ಕಡತ ಹಿಡಿದು ಬಂದಳು. ಮೊಮ್ಮಗಳ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಳು.

"ಇಲ್ಲಿ ನಿಜವಾಗಿಯೂ ಕೆರೆ ಇತ್ತು" ಎಂದು ಚಿತ್ರ ತೋರಿಸಿದಳು. ಮೇಲೆ ತುಂಬಿದ ಮಣ್ಣು, ಅದರ ಕೆಳಗೆ ಬೂದುಬಣ್ಣದ ಕೆರೆಜೇಡಿ, ಎರಡೂ ಸೇರಿ ಎಂಟು ಮೀಟರು. ಅದರಡಿ ಶಿಥಿಲವಾದ ಬಂಡೆ, ಆಮೇಲೆ ಗಟ್ಟಿ ಬಂಡೆ. "ಒಂದು ಲೆಕ್ಕ ಮಾಡ್ತೀಯಾ? ಮಣ್ಣಿನ ದಪ್ಪವನ್ನು ನಾಲ್ಕರಿಂದ ಗುಣಿಸು. ಬಂದಿದ್ದನ್ನು ಅಲೆಯ ವೇಗದಿಂದ ಭಾಗಿಸು. ಇಲ್ಲಿ ವೇಗ ಸೆಕೆಂಡಿಗೆ 160 ಮೀಟರು."

ಮೊಮ್ಮಗಳು ಅವರದೇ ಬಣ್ಣದ ಕರಪತ್ರದ ಹಿಂದೆ ಬರೆದಳು. ಎಂಟು ನಾಲ್ಕಲೇ ಮೂವತ್ತೆರಡು. 32ನ್ನು 160ರಿಂದ ಭಾಗಿಸಿದರೆ 0.2.

"ಅಂದರೆ ಈ ನೆಲ ಸೆಕೆಂಡಿಗೆ ಐದು ಸಲ ಅದುರಲು ಇಷ್ಟಪಡುತ್ತದೆ. ಮೆಕ್ಸಿಕೋದಲ್ಲಿ ಜೇಡಿ ಬಹಳ ದಪ್ಪ, ಬಹಳ ಮೆದು, ಆದ್ದರಿಂದ ನಿಧಾನ. ನಮ್ಮಲ್ಲಿ ಬಂಡೆ ಹತ್ತಿರದಲ್ಲೇ ಸಿಗುತ್ತದೆ, ಆದ್ದರಿಂದ ಬೇಗ."

ಮೊಮ್ಮಗಳು ತಟ್ಟನೆ ತಲೆ ಎತ್ತಿದಳು. "ಹಾಗಾದರೆ ಹತ್ತಂತಸ್ತಿನ ಲಯಕ್ಕೆ ಇದು ಹೊಂದಲ್ಲ! ಎರಡಂತಸ್ತಿನದಕ್ಕೆ ಹೊಂದುತ್ತೆ. ತಾತ, ನಾವು ಈಗಿರೋ ಮನೆ ಎರಡಂತಸ್ತು!"

ನಾನು ಬೆವರೊರೆಸಿಕೊಂಡೆ. ಇಷ್ಟು ದಿನ ನಾನು ಹೆದರಿದ್ದು ಎತ್ತರಕ್ಕೆ. ಅಹಮದಾಬಾದಿನ ಮಣ್ಣಿನ ಪಾಠವನ್ನು ಹಾಗೆಯೇ ತಂದು ಬೆಂಗಳೂರಿನ ಮಣ್ಣಿಗೆ ಅಂಟಿಸಿದ್ದೆ. ಇಲ್ಲಿನ ಕೆರೆಗಳ ಮೇಲೆ ಎದ್ದ ಸಣ್ಣ ಮನೆಗಳ ಬಗ್ಗೆ ಯೋಚಿಸಿಯೇ ಇರಲಿಲ್ಲ.

"ಆದರೂ ಒಂದು ಪ್ರಶ್ನೆಯಿದೆ ತಾಯಿ" ಎಂದೆ. "ಕೆಳಗಿನ ಕಾರು ನಿಲ್ಲಿಸುವ ಅಂತಸ್ತು ಬರೀ ಕಂಬಗಳ ಮೇಲಿದೆಯೇ?" ಅವಳು ನಕ್ಷೆ ಬಿಡಿಸಿದಳು. ಲಿಫ್ಟಿನ ಸುತ್ತಲಿನ ಕಾಂಕ್ರೀಟು ಗೋಡೆಗಳು ಮೇಲಿಂದ ಬುಡದವರೆಗೆ ಇಳಿದಿದ್ದವು. ಜೇಡಿಯನ್ನು ದಾಟಿ ಬಂಡೆಯೊಳಗೆ ಕೂತ ಅಡಿಪಾಯದ ಕಂಬಗಳ ಗುರುತೂ ಇತ್ತು. ಪೂರ್ತಿ ಅರ್ಥವಾಗದ್ದರಿಂದ ಮಗ ಅದನ್ನು ತನಗೆ ಗೊತ್ತಿದ್ದ ಬೇರೊಬ್ಬ ಎಂಜಿನಿಯರಿಗೆ ತೋರಿಸಿದ. ಅವರು ಎರಡು ಕಡೆ ವಿವರ ಕೇಳಿ ಬರೆಸಿಕೊಂಡು, ಆಮೇಲೆ ಆಗಬಹುದು ಎಂದರು. ಮನೆ ಕೊಂಡೆವು.

ಅದಕ್ಕೂ ಮೊದಲು ಈಗಿರುವ ಬಾಡಿಗೆ ಮನೆಯಲ್ಲಿ ಸ್ವಲ್ಪ ಕೆಲಸ ಮಾಡಿದೆವು. ಮೊಮ್ಮಗಳ ಹಾಸಿಗೆಯ ತಲೆದೆಸೆಯಲ್ಲಿದ್ದ ಪುಸ್ತಕದ ಕಪಾಟನ್ನು ಗೋಡೆಗೆ ಮೊಳೆ ಹಾಕಿ ಬಿಗಿದೆವು. ಅಟ್ಟದ ಹಿತ್ತಾಳೆ ಹಂಡೆ ಕೆಳಗಿಳಿಯಿತು. ನೆಲ ಅದುರಿದರೆ ಗಟ್ಟಿ ಮೇಜಿನಡಿ ಕೂತು, ಅದರ ಕಾಲು ಹಿಡಿದುಕೊಳ್ಳಬೇಕು, ನಿಂತ ಮೇಲೆ ಲಿಫ್ಟ್ ಬಿಟ್ಟು ಮೆಟ್ಟಿಲಿಳಿಯಬೇಕು ಎಂದು ಮನೆಮಂದಿಯೆಲ್ಲ ಒಂದು ಸಲ ಮಾಡಿ ನೋಡಿದೆವು. ನನ್ನ ಮಂಡಿಗೆ ಮೇಜಿನಡಿ ಹೋಗುವುದು ಆಗಲಿಲ್ಲ. ಅಂಥವರು ಗಟ್ಟಿ ಕುರ್ಚಿಯಲ್ಲಿ ಕೂತಲ್ಲೇ ಬಾಗಿ ತಲೆ, ಕುತ್ತಿಗೆಯನ್ನು ತೋಳುಗಳಿಂದ ಮುಚ್ಚಿಕೊಳ್ಳಬೇಕಂತೆ. ಮೊಮ್ಮಗಳು ನನಗೆ ಅದನ್ನು ಎರಡು ಸಲ ಮಾಡಿಸಿದಳು.

ಬಾ ಅವರ ಮೊಮ್ಮಗಳು ಈಗ ವಡೋದರಾದಲ್ಲಿದ್ದಾಳೆ, ಎರಡು ಮಕ್ಕಳ ತಾಯಿ. ಪ್ರತಿ ವರ್ಷ ಜನವರಿ 26ಕ್ಕೆ ಬೆಳಿಗ್ಗೆ ಫೋನ್ ಮಾಡುತ್ತಾಳೆ. ಆ ದಿನದ ಮಾತು ಎತ್ತುವುದಿಲ್ಲ, ಆರೋಗ್ಯ ವಿಚಾರಿಸಿ ಇಡುತ್ತಾಳೆ. ಈ ಸಲ ನಾನೇ ಎತ್ತಿದೆ. "ಮಗಳೇ, ನೀನು ಅವತ್ತು ಒಂದು ಪ್ರಶ್ನೆ ಕೇಳಿದ್ದೆ. ಉತ್ತರ ಹೇಳಲು ಇಷ್ಟು ವರ್ಷ ಹಿಡಿಯಿತು" ಎಂದೆ. ನನಗೆ ಮುಂದೆ ಮಾತು ಹೊರಡಲಿಲ್ಲ. ಮೊಮ್ಮಗಳು ಫೋನ್ ಇಸಕೊಂಡು ತನ್ನ ಶಾಲೆಯ ಹಿಂದಿಯಲ್ಲಿ ಎಲ್ಲ ವಿವರಿಸಿದಳು, ಬಂಡೆ, ಕೆರೆ, ಉಯ್ಯಾಲೆ. ಗಿಣ್ಣಿನ ಹತ್ತಿರ ಬಂದಾಗ ಹಿಂದಿಯಲ್ಲಿ ಪದ ಸಿಗದೆ ನಿಂತಳು. "ಹಸು ಕರು ಹಾಕಿದಾಗ ಮೊದಲು ಬರುವ ಹಾಲಿಗೆ ಬೆಲ್ಲ ಹಾಕಿ..." ಎಂದು ಬಿಡಿಸಿ ಹೇಳಿದಳು.

ಆ ಕಡೆ ಒಂದು ಗಳಿಗೆ ಸದ್ದಿರಲಿಲ್ಲ.

"ಬಳಿ!" ಎಂದಳು ಆಕೆ. "ನಾವು ಅದಕ್ಕೆ ಬಳಿ ಅಂತೀವಿ. ನಮ್ಮ ಬಾ ಮಾಡುತ್ತಿದ್ದರು. ತಟ್ಟೆಯಲ್ಲಿ ಅಲುಗಾಡುವುದನ್ನು ನೋಡಿ ನಾನು, ನಿನ್ನ ಅತ್ತೆ ನಗುತ್ತಿದ್ದೆವು."

ಅವರಿಬ್ಬರೂ ಇನ್ನೂ ಬಹಳ ಹೊತ್ತು ಮಾತಾಡಿದರು. ನಾನು ಹೊರಗೆ ಬಂದು ಕೂತೆ. ಎದುರಿನ ಶಾಲೆಯಲ್ಲಿ ಬಾವುಟ ಏರಿಸುತ್ತಿದ್ದರು.